ಶೌಕಿಯಾ ಹಾಡಿದ ಮದುವೆ

ಎಲ್ಲಕ್ಕೂ ಮೂಲ ಬೆಳಗಿನ ಪತ್ರಿಕೆ. ಹೆಸರಾಂತ ಗಾಯಕಿ ಶೌಕಿಯಾಳ ಆರಂಭದ ದಿನಗಳನ್ನು ಹೊಸದಾಗಿ ತೂಗಿ ನೋಡಿದ ವಿಮರ್ಶಕನೊಬ್ಬ, ಆಕೆ ಗಲ್ಲಿಯ ಮದುವೆಗಳಲ್ಲಿ ಹಾಡಿದ್ದಳೆಂಬುದು ಬರೀ ಕಟ್ಟುಕತೆ ಎಂದು ಬರೆದಿದ್ದ. ಕೈರೋದ ಶುಬ್ರಾದಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಬಯ್ಯೂಮಿಗೆ ಮೈಯೆಲ್ಲ ಉರಿದುಹೋಯಿತು. ತಂತಾ ಊರಿನಲ್ಲಿ ನಡೆದ ತನ್ನ ಮದುವೆಯಲ್ಲಿ ಹಾಡಿದವಳು ಶೌಕಿಯಾಳೇ ಎಂದು ಅವನು ಇಪ್ಪತ್ತೈದು ವರ್ಷದಿಂದ ಹೇಳುತ್ತಿದ್ದ. ಗಲ್ಲಿಯವರು ಅವನನ್ನು ಸುಳ್ಳುಬುರುಕನೆನ್ನಲು ತೊಡಗಿಯೂ ಅಷ್ಟೇ ಕಾಲವಾಗಿತ್ತು. ಹೆಂಡತಿ ತಹಾನಿಯನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಿದ್ದಳು.

ಇವತ್ತೇ ಇತ್ಯರ್ಥವಾಗಲಿ ಎಂದು ಕಾಫಿ ಅಂಗಡಿಯವನು ಕ್ಯಾಸೆಟ್ ಹಾಕುವ ಹಳೇ ವಿಡಿಯೋ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ. ಮನೆಯಲ್ಲಿ ವಿಡಿಯೋ ಇಲ್ಲದೆ ತಾನೂ ಎಂದೂ ನೋಡಿರದ ಮದುವೆಯ ಕ್ಯಾಸೆಟ್ ತರಲು ಬಯ್ಯೂಮಿ ಮನೆಗೆ ಓಡಿದ. ಅದಕ್ಕೆ ಬೂಷ್ಟು ಹಿಡಿದಿದೆ ಎಂದಳು ತಹಾನಿ, ಆಮೇಲೆ ಕಳೆದೇಹೋಗಿದೆ ಎಂದಳು. ಕೊನೆಗೆ ಅದು ಸಿಕ್ಕಿದ್ದು ಅವಳ ಹಾಸಿಗೆಯ ಕೆಳಗೆ. ಹಳೇ ಚಿತ್ರದಲ್ಲಿ ದಪ್ಪ ಕಾಣುತ್ತೇನೆಂಬ ನಾಚಿಕೆಯಿರಬೇಕು ಎಂದುಕೊಂಡ ಬಡಪಾಯಿ.

ಪರದೆಯ ಮೇಲೆ ಶಾಮಿಯಾನ ಕಂಡಿತು, ವೇದಿಕೆಯ ಮೇಲೊಬ್ಬ ತೆಳ್ಳಗಿನ ಹುಡುಗಿ. ನೆರೆದವರೆಲ್ಲ ಪೊಲೀಸರಂತೆ ಅವಳನ್ನು ದಿಟ್ಟಿಸಿದರು. ಮೂಗು ಅವಳದಲ್ಲ ಎಂದ ಒಬ್ಬ. ಮೂಗನ್ನು ಆಮೇಲೆ ಕೊಯ್ಯಿಸಿ ತಿದ್ದಿಸಿಕೊಂಡಿದ್ದಾಳೆ ಎಂದ ಇನ್ನೊಬ್ಬ. ಎಲ್ಲರಿಗಿಂತ ಹೆಚ್ಚು ತಕರಾರು ಕ್ಷೌರಿಕ ಝಕಿಯದು. ಅವನೂ ತಂತಾದವನೇ, ಬಯ್ಯೂಮಿಯ ಮದುವೆಯಾದ ಆರು ತಿಂಗಳಿಗೆ ಬಂದು ಎದುರಿಗೇ ಅಂಗಡಿ ತೆರೆದಿದ್ದ.

"ಸಾಕು ಆರಿಸಣ್ಣ, ಇರೋ ಮರ್ಯಾದೆನಾದ್ರೂ ಉಳಿಸ್ಕೊ," ಎಂದ ಝಕಿ.

"ನಿನಗ್ಯಾಕೋ ಇಷ್ಟು ಸಂಕಟ? ಕೂತ್ಕೊ," ಎಂದು ಬಯ್ಯೂಮಿ ಅವನ ಹೆಗಲು ಒತ್ತಿ ಕೂರಿಸಿದ.

ಹುಡುಗಿ ಹಾಡತೊಡಗಿದಳು. ಚಹಾದ ಲೋಟಗಳು ಕೈಯಲ್ಲೇ ಉಳಿದವು. ಇವಳು ಶೌಕಿಯಾಳೇ, ಈಗಿನದಕ್ಕಿಂತ ಆಗಿನ ಕಂಠವೇ ಚೆನ್ನ, ಆ ವಿಮರ್ಶಕ ಶುದ್ಧ ಕತ್ತೆ ಎಂದು ತೀರ್ಪಾಯಿತು. ಬಯ್ಯೂಮಿಗೆ ಸಂತೋಷದಿಂದ ಕಣ್ಣು ತುಂಬಿತು.

ಅಷ್ಟರಲ್ಲಿ ಆಕೆ, ಗಲ್ಲಿ ಮದುವೆಗಳ ಪದ್ಧತಿಯಂತೆ, ಹಾಡು ನಿಲ್ಲಿಸಿ ಜನರು ಕೊಟ್ಟ ಚೀಟಿಗಳನ್ನು ಓದುತ್ತ ಮೈಕಿನಲ್ಲಿ ಸಲಾಮು ಹೇಳತೊಡಗಿದಳು. ವರನ ಸೋದರಮಾವನಿಗೆ ಒಂದು, ಕಟುಕರ ಬೀದಿಯವರಿಗೆ ಒಂದು. ವರ ತನ್ನ ಜಾಗದಲ್ಲಿರಲಿಲ್ಲ. ಕೆಟ್ಟ ದೀಪ ಸರಿಮಾಡಿಸಲು ತಾನು ಹೊರಗೆ ಹೋಗಿದ್ದುದು ಬಯ್ಯೂಮಿಗೆ ಈಗ ನೆನಪಾಯಿತು.

"ಇದು ಮದುಮಗಳ ಕಡೆಯಿಂದ," ಎಂದಳು ಶೌಕಿಯಾ. "ತಾರಸಿ ಮೇಲೆ ಅಳ್ತಾ ಕೂತಿರೋ ಕ್ಷೌರದ ಝಕಿಗೆ. ಯಾವತ್ತೂ ಮರೆಯಲ್ಲ ಅಂತ ಬರೆದಿದ್ದಾಳೆ."

ಝಕಿ ಆಗಲೇ ಬಾಗಿಲು ದಾಟಿದ್ದ.

ಬಯ್ಯೂಮಿ ಪೆಟ್ಟಿಗೆ ಆರಿಸಿ, ನೆರೆದವರತ್ತ ತಿರುಗಿದ. "ಪತ್ರಿಕೆಯವನು ಬರೆದಿದ್ದೇ ಸರಿ ಕಣ್ರಪ್ಪ. ಇವಳು ಶೌಕಿಯಾ ಅಲ್ಲ, ಇದು ನನ್ನ ಮದುವೆನೂ ಅಲ್ಲ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು."

ಈ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಒಬ್ಬರೂ ನಂಬಲಿಲ್ಲ.