ಕಾಕು ಬೇಡವೆಂದ ಪೆಪ್ಪರಮಿಂಟು

ವಾದದಲ್ಲಿ ಗೆಲ್ಲುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಸೋತವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಗೆದ್ದವನು ತಾನು ಹೇಳಿದ್ದನ್ನು ಮಾಡಿ ತೋರಿಸಬೇಕಾಗುತ್ತದೆ. ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಇದನ್ನು ಯಾರೂ ಕಲಿಸಲಿಲ್ಲ. "ಯಂತ್ರಯುಗ ಮನುಷ್ಯನಿಗೆ ಶಾಪ" ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ, ಮರುವರ್ಷ ವಿರುದ್ಧವಾಗಿ ಮಾತಾಡಿ ಎರಡು ಸಲವೂ ಗೆದ್ದವನು ನಾನು. ಗೆದ್ದು ತಂದ ಬಟ್ಟಲುಗಳಲ್ಲಿ ನಮ್ಮವ್ವ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಾಳೆ. ಜಾತಕ, ಶಕುನ, ಪವಾಡ ಯಾವುದೂ ನನಗೆ ಆಗಿಬರುವುದಿಲ್ಲ. ಬೆರಗಾಗುವುದಂತೂ ವಿಷಯವನ್ನು ಸರಿಯಾಗಿ ಓದಿಕೊಂಡು ಬರದವರ ಲಕ್ಷಣ ಎಂದು ಹೋದ ಚಳಿಗಾಲದವರೆಗೆ ನಂಬಿದ್ದೆ.

ಹೋದ ಚಳಿಗಾಲದಲ್ಲಿ ನಮ್ಮ ಚಿಕ್ಕಮ್ಮ ಸುಶೀಲಾ ಕಾಕುವಿಗೆ ಮುಂಬಯಿಯಿಂದ ತಾರು ಬಂತು. ಕಾಕು ಹೆಣ್ಣುಮಕ್ಕಳ ಸಾಲಿಯಲ್ಲಿ ಸಂಗೀತ ಕಲಿಸುತ್ತಾರೆ. ಧಾರವಾಡದಲ್ಲಿ ಹಾಡುವವರಿಗೇನು ಬರವೇ? ಮಾಳಮಡ್ಡಿಯಲ್ಲಿ ಹಾಲು ಹಾಕುವ ಗೌಳಿ ಕೂಡ ತಂಬೂರಿಯ ದನಿ ಕೇಳಿ ಇದು ಯಾರ ಮನೆ ಎಂದು ಹೇಳಬಲ್ಲ. ಹಾಗಾಗಿ ಕಾಕು ಬಹಳ ವರ್ಷ ನೆರೆಹೊರೆಯವರ ಗಣಪತಿಯ ಮುಂದೆ, ಬೀಗರ ಮುಂದೆ ಹಾಡಿಕೊಂಡೇ ಇದ್ದರು. ಮುಂಬಯಿಯ ಸಂಗೀತ ಮಂಡಳಿಯೊಂದರಲ್ಲಿ ಹಾಡಬೇಕಾಗಿದ್ದವರು ಜಡ್ಡಾಗಿ ಮಲಗಿದ್ದರಿಂದ, ಯಾರೋ ಪುಣ್ಯಾತ್ಮರು ಕಾಕುವಿನ ಹೆಸರು ಹೇಳಿದ್ದರು. ನಾಡಿದ್ದು ಸಂಜೆ ಕಛೇರಿ. ಜತೆಗೊಬ್ಬರನ್ನು ಕರೆದುಕೊಂಡು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಬರಬಹುದು, ಖರ್ಚು ಮಂಡಳಿಯದು.

ಕಾಕುವಿನ ಗಂಡ, ನಮ್ಮ ಕಾಕಾ, ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಅವರಿಗೆ ರಜೆ ಸಿಗುವಂತಿರಲಿಲ್ಲ, ಆದರೆ ಅಭಿಪ್ರಾಯ ಸಿದ್ಧವಾಗಿತ್ತು.

"ರೈಲಿನ್ಯಾಗ ಹೋಗ್ರಿ. ರೈಲು ಬಿದ್ದರ ಎಲ್ಲಿ ಬೀಳತದ? ಮೊದಲ ನೆಲದ ಮ್ಯಾಲ ಅದ."

"ಕಾಕಾ, ಇಂಜಿನ್ನಿನ ಹೊಗಿ ಎಲ್ಲಿ ಹೋಗತದರಿ? ಪುಣೆದಾಗ ಗಾಡಿ ಬದಲಿ ಮಾಡೂಮುಂದ ಥಂಡಿ ಗಾಳಿ ಯಾರ ಗಂಟಲಕ್ಕ ಬಡೀತದ?" ಎಂದು ನಾನು ಎದ್ದು ನಿಂತೆ. ವಾದಿಸುವಾಗ ನಾನು ಕೂತಿರಲಾರೆ. "ವಿಮಾನದಾಗ ಹೊಗಿ ಇಲ್ಲ, ಧೂಳಿಲ್ಲ. ಮುಂಜಾನೆ ಹತ್ತಿದರ ಮಧ್ಯಾಹ್ನದ ಊಟಕ್ಕ ಮುಂಬಯಿ. ಕಾಕು ಹಾಡಬೇಕಾದ್ದು ಗಂಟಲದಿಂದ. ಗಂಟಲಾ ಕಾಯೂ ಸಾಧನ ಯಾವುದೋ ಅದ ಯೋಗ್ಯ ಸಾಧನ."

ಕಾಕು, "ವಕೀಲಸಾಹೇಬ ಹೇಳೂದು ಖರೇ ಅನಸ್ತದ. ನನ್ನ ಕಡೆ ಇರೂದು ಗಂಟಲ ಒಂದ ಆಸ್ತಿ," ಎಂದರು. ಗೆದ್ದೆ. ಗೆದ್ದ ತಪ್ಪಿಗೆ ಜತೆಗೆ ಹೊರಟೆ.

ಹಾಡುವ ದಿನ ಕಾಕು ವೇದಿಕೆ ಏರುವತನಕ ಮೌನ. ಸಿಹಿ ಇಲ್ಲ, ಹುಳಿ ಇಲ್ಲ, ತಣ್ಣಗಿನದು ಇಲ್ಲ. ಜತೆಗೆ ಅಂದು ಚಿಕ್ಕದೊಂದು ನೆಗಡಿಯ ಸುಳಿವೂ ಇತ್ತು. ಬೆಳಗಾವಿಯ ವಿಮಾನ ಅಡ್ಡೆಯಲ್ಲಿ ಅವರು ಕಾಕಾನ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡು, ತಂಬೂರಿಯನ್ನು ಅಪ್ಪಿಕೊಂಡು, ಮೂಕರಾಗಿ ನಿಂತಿದ್ದರು. ಅಲ್ಲಿಯ ಅಧಿಕಾರಿ ತಂಬೂರಿ ಸಾಮಾನಿನ ಜತೆ ಹೋಗಬೇಕು ಎಂದ. ಕಾಕು ತಲೆ ಅಲ್ಲಾಡಿಸಿದರು. ನಾನು ಮುಂದೆ ಬಂದು, "ಮೊದಲು ಸಾಮಾನು ಅಂದರೇನು ಅನ್ನೂದನ್ನ ನಿಶ್ಚಯ ಮಾಡೋಣರಿ," ಎಂದೆ. ಆ ಚಳಿಯಲ್ಲಿ ಅವನಿಗೆ ಇನ್ನೂ ಚಹಾ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. "ಹಿಂದಿನ ಕುರ್ಚಿ ಖಾಲಿ ಅದ, ಅಲ್ಲೇ ಕೂಡಸ್ರಿ. ನೀವು ಮಾತ್ರ ಮಾತು ನಿಲ್ಲಸ್ರಿ," ಎಂದು ಕೈಮುಗಿದ. ಹೀಗೆ ತಂಬೂರಿ ಗವಸು ಹೊದ್ದು, ಹೊಟ್ಟೆಗೆ ಪಟ್ಟಿ ಬಿಗಿಸಿಕೊಂಡು, ನಮ್ಮೆಲ್ಲರಿಗಿಂತ ನಿಶ್ಚಿಂತೆಯಿಂದ ಕೂತಿತು.

ನಾವು ಅಷ್ಟು ನಿಶ್ಚಿಂತರಾಗಿರಲಿಲ್ಲ. ಆ ವಿಮಾನ ಬಾಲವನ್ನು ನೆಲಕ್ಕೂರಿ ಮೂತಿ ಮೇಲೆತ್ತಿ ನಿಲ್ಲುವ ಜಾತಿಯದು; ಬಾಗಿಲಿನಿಂದ ಕುರ್ಚಿಯವರೆಗೆ ಗುಡ್ಡ ಹತ್ತಿದಂತೆ ಹತ್ತಬೇಕು. ಒಳಗಿದ್ದದ್ದು ಒಂದೇ ದರ್ಜೆ, ಅದೂ ಇಕ್ಕಟ್ಟಿನದು. ರೈಲಿನ ಮೂರನೇ ದರ್ಜೆಯಲ್ಲಾದರೆ ಕಾಲು ಮಡಚಿ ಹಲಗೆಯ ಮೇಲಿಟ್ಟುಕೊಳ್ಳಬಹುದು. ಇಲ್ಲಿ ಮೊಣಕಾಲನ್ನು ಮುಂದಿನವರ ಬೆನ್ನಿಗೆ ಒಪ್ಪಿಸಿ ಕೂಡಬೇಕು. ನೆಲದಿಂದ ಚಳಿ ಬೂಟಿನೊಳಗೆ ಹತ್ತುತ್ತಿತ್ತು. ರೆಕ್ಕೆ ಹೇಗೆ ಉಬ್ಬಿರುತ್ತದೆ, ಗಾಳಿ ಹೇಗೆ ಅದನ್ನು ಎತ್ತುತ್ತದೆ ಎಂದು ನಾನು ಓದಿಕೊಂಡೇ ಬಂದಿದ್ದೆ. ಕಾಕುವಿಗೆ ವಿವರಿಸತೊಡಗಿದೆ. ವಿಮಾನ ಓಡಿತು, ಗದಗದ ನಡುಗಿತು. ಆಮೇಲೆ ಗಾಲಿಯ ಸಪ್ಪಳ ನಿಂತಿತು. ಇಷ್ಟೇ ಆದದ್ದು. ನೆಲ ಬಿಟ್ಟದ್ದು ಯಾವ ಗಳಿಗೆಯಲ್ಲೆಂದು ತಿಳಿಯಲೇ ಇಲ್ಲ. ಕಿಟಕಿಯಲ್ಲಿ ಒಂದು ಭಾವಿ, ಒಂದು ಜೋಡಿ ಎತ್ತು, ಬಿಳಿಜೋಳದ ಹೊಲ ಕಂಡವು. ಮರುಕ್ಷಣ ಹೊಲಗಳೆಲ್ಲ ಸೇರಿ ಅಜ್ಜಿ ಹೊಲಿದ ಕೌದಿಯಾದವು. ನನ್ನ ವಿವರಣೆ ಒಂದು ವಾಕ್ಯದ ನಡುವೆ ನಿಂತುಹೋಗಿತ್ತು. ಆ ವಾಕ್ಯವನ್ನು ನಾನು ಇವತ್ತಿಗೂ ಮುಗಿಸಿಲ್ಲ.

ಘಟ್ಟದ ಮೇಲೆ ಬಂದಾಗ ಕಣಿವೆಗಳ ತುಂಬ ಮಂಜು ಇತ್ತು. ಹುಬ್ಬಳ್ಳಿಯ ಹತ್ತಿ ಅಡತಿ ಅಂಗಡಿಯಲ್ಲಿ ಅರಳೆಯ ಅಂಡಿಗೆ ಬಿಚ್ಚಿ ಹರವಿದರೆ ಹೇಗೆ ಕಾಣುತ್ತದೋ ಹಾಗೆ, ಆದರೆ ಅದಕ್ಕೆ ಗೋಡೆಯೇ ಇರಲಿಲ್ಲ. ಆ ಬಿಳುಪಿನ ಮೇಲೆ ನಮ್ಮ ವಿಮಾನದ ನೆರಳು ನೊಣದಷ್ಟಾಗಿ ಓಡುತ್ತಿತ್ತು. ನೆರಳಿನ ಸುತ್ತ ಬಣ್ಣದ ಒಂದು ಬಳೆ, ಗುಂಡಗೆ, ಪೂರಾ. ನೀರಿನ ಹನಿ, ಸೂರ್ಯನ ಬೆಳಕು ಸೇರಿದರೆ ಹೀಗಾಗುತ್ತದೆ. ಅದಕ್ಕೆ ಕಾರಣ ಇದ್ದೇ ಇದೆ. ಕಾರಣ ತಿಳಿದಲ್ಲಿ ಬೆರಗು ನಿಲ್ಲುವುದಿಲ್ಲ ಎಂದು ನಾನೇ ಸಭೆಗಳಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಕಾರಣ ಗೊತ್ತಿದ್ದೂ ಅದು ನಿಂತಿತ್ತು, ಕಿಟಕಿಯ ಆಚೆ, ನಮ್ಮ ಜತೆಯಲ್ಲೇ ಬರುತ್ತ. ಕಾಕು ಕೈಮುಗಿದರು. ನಾನು ಮುಗಿಯಲಿಲ್ಲ. ನನ್ನ ಕೈ ಚಳಿಗೆ ಬಗಲಲ್ಲಿ ಸಿಕ್ಕಿಕೊಂಡಿದ್ದವು. ಬಿಡುವಾಗಿದ್ದರೆ ಏನು ಮಾಡುತ್ತಿದ್ದವೋ ನಾನು ಹೊಣೆಯಲ್ಲ.

ಇಳಿಯುವ ಹೊತ್ತಿಗೆ ಪರಿಚಾರಿಕೆ ತಟ್ಟೆಯಲ್ಲಿ ಪೆಪ್ಪರಮಿಂಟು ತಂದಳು. ಚಪ್ಪರಿಸುತ್ತಿರಿ, ಬಾಯಿ ಆಡುತ್ತಿದ್ದರೆ ಕಿವಿಗೆ ಒಳ್ಳೆಯದು ಎಂದಳು. ಕಾಕು ಪಥ್ಯ ನೆನೆದು ಬೇಡವೆಂದು ಕೈಯಾಡಿಸಿ ನನ್ನ ಮುಖ ನೋಡಿದರು. "ಇವರು ಹಾಡುವವರು, ಇದು ಗಂಟಲಿಗೆ ಥಂಡಿ," ಎಂದು ನಾನು ಅವರ ಪರ ವಹಿಸಿದೆ. ಅಷ್ಟಕ್ಕೆ ಬಿಡಬಹುದಿತ್ತು, ಪೆಪ್ಪರಮಿಂಟಿಗೂ ಕಿವಿಗೂ ಏನು ಸಂಬಂಧ, ತೋರಿಸಿ ಎಂದೂ ಕೇಳಿದೆ. ಅವಳು ನಕ್ಕು, ಕಾಕುವಿನ ಪಾಲಿನದನ್ನೂ ನನ್ನ ಕೈಗೆ ಹಾಕಿ ಮುಂದೆ ಹೋದಳು. ನನ್ನ ಕಿವಿಗೆ ಏನೂ ಆಗಲಿಲ್ಲ. ಬಾಯಿ ಆಡುತ್ತಿರಬೇಕೆಂಬ ನಿಯಮವನ್ನು ನಾನು ಹುಟ್ಟಿದಾಗಿನಿಂದ ಪಾಲಿಸುತ್ತ ಬಂದವನು.

ಮುಂಬಯಿಯಲ್ಲಿ ಏಣಿ ಇಳಿಯುತ್ತ ಕಾಕು ಮೌನ ಮುರಿದರು. ಹಮಾಲರು ತಿರುಗಿ ನೋಡುವಷ್ಟು ದೊಡ್ಡ ದನಿಯಲ್ಲಿ, "ರಘೂ, ಮುಂಬಯಿ ಇಷ್ಟು ಶಾಂತ ಇರತದಂತ ಯಾರೂ ಹೇಳಿದ್ದಿಲ್ಲಲ್ಲೊ," ಎಂದರು. ನಮ್ಮ ಬೆನ್ನ ಹಿಂದೆ ವಿಮಾನದ ಪಂಖಾ ಇನ್ನೂ ಗರಗರ ತಿರುಗುತ್ತಿತ್ತು. ಗಂಟಲನ್ನು ನಾವೆಲ್ಲ ಸೇರಿ ಕಾಯ್ದಿದ್ದೆವು, ಕಿವಿಯನ್ನು ಯಾರೂ ನೆನೆದಿರಲಿಲ್ಲ.

ಮಂಡಳಿಯ ಕಾರ್ಯದರ್ಶಿ ಪೈಯವರು ಡಾಕ್ಟರರನ್ನು ಕರೆಸಿದರು. ನೆಗಡಿಯಲ್ಲಿ ಹಾರಿ ಇಳಿದದ್ದಕ್ಕೆ ಕಿವಿ ಕಟ್ಟಿದೆ, ತಾನಾಗಿಯೇ ಬಿಡುತ್ತದೆ, ಸಂಜೆಯೂ ಆಗಬಹುದು, ನಾಳೆಯೂ ಆಗಬಹುದು ಎಂದರು ಡಾಕ್ಟರು. ಕಾಕುವಿಗೆ ತಮ್ಮ ದನಿ ಕೊಡದೊಳಗೆ ಕೂಗಿದಂತೆ ತಲೆಯೊಳಗೇ ಮೊಳಗುತ್ತಿತ್ತು. ತಂಬೂರಿ ಮಾತ್ರ ಕೇಳಿಸುತ್ತಿರಲಿಲ್ಲ. ಹಾಡುವವರಿಗೆ ತಂಬೂರಿ ಎಂದರೆ ನೆಲ. ಕೂದಲೆಳೆಯಷ್ಟು ಆಚೀಚೆ ಆದರೂ ಮುಂಬಯಿಯ ಕೇಳುಗರು ಎದ್ದು ಚಹಾಕ್ಕೆ ಹೋಗುತ್ತಾರೆ. ಕಛೇರಿಯನ್ನು ಮುಂದಕ್ಕೆ ಹಾಕಿಸಲು ಪೈಯವರ ಜತೆ ವಾದಿಸಿ ಬರುತ್ತೇನೆ ಎಂದು ಕಾಕುವಿನ ಕಿವಿಯಲ್ಲಿ ಕೂಗಿದೆ.

"ಬ್ಯಾಡ," ಎಂದರು. "ನೀ ಮತ್ತ ಗೆದ್ದಿ ಅಂದ್ರ ನಾ ಇನ್ನೆಲ್ಲಿಗೆ ಹೋಗಬೇಕಾಗತದೋ." ತಂಬೂರಿಯ ಗವಸು ಬಿಚ್ಚುತ್ತ, "ಬ್ಯಾರೆಯವರಿಗೆ ಜಡ್ಡಾಗಿ ನನಗ ಸಿಕ್ಕ ದಿನಾ ಇದು. ಇನ್ನೊಮ್ಮೆ ಕರಿಯೂದಿಲ್ಲೊ ಇವರು," ಎಂದರು.

ತಂಬೂರಿ ಎತ್ತಿಕೊಂಡು ಮೀಟಿದರು. ಮುಖದಲ್ಲಿ ಏನೂ ಇಲ್ಲ. ಮತ್ತೆ ಮೀಟಿದರು. ಆಮೇಲೆ ದಣಿದವರಂತೆ ಅದರ ದಂಡಿಗೆ ಕೆನ್ನೆ ಆನಿಸಿದರು, ಆನಿಸಿದವರು ಹಾಗೆಯೇ ಉಳಿದರು. ಕೆನ್ನೆಯ ಎಲುಬನ್ನು ಒತ್ತಿ ಹಿಡಿದು ಒಂದು ಬಿರಡೆ ತಿರುಗಿಸಿದರು, ಇನ್ನೊಂದು ತಿರುಗಿಸಿದರು. ಹಣೆಯ ಗಂಟು ಒಂದೊಂದಾಗಿ ಬಿಚ್ಚಿತು. ಶಬ್ದ ಎಲುಬಿನಲ್ಲೂ ಹಾಯುತ್ತದೆ, ಇದಕ್ಕೂ ಕಾರಣ ಇದೆ. ಹೇಳಬೇಕೆಂದು ನನಗೆ ಅನಿಸಲಿಲ್ಲ.

ಸಂಜೆ ತಂಬೂರಿಯನ್ನು ಬೇರೆ ಯಾರ ಕೈಗೂ ಕೊಡದೆ, ಕೆನ್ನೆ ಎತ್ತದೆ ಹಾಡಿದರು. "ಏನು ತಲ್ಲೀನತೆ ನೋಡಿ," ಎಂದು ನನ್ನ ಪಕ್ಕದ ಮುದುಕರು ಕಣ್ಣೊರೆಸಿಕೊಂಡರು. ಹಾಡಿದ್ದು ಮಾರವಾ. ಆ ರಾಗದಲ್ಲಿ ಷಡ್ಜಕ್ಕೆ ಬೇಗ ಬರುವುದಿಲ್ಲವಂತೆ. ನೆಲ ಬಿಟ್ಟು ಸುತ್ತುತ್ತ, ಕೇಳುವವರ ಜೀವ ಬಾಯಿಗೆ ಬಂದ ಮೇಲೆ ಇಳಿಯುವುದಂತೆ. ನೆಲವೇ ಕೇಳಿಸದ ಈ ಹೆಣ್ಣುಮಗಳು ಸುಲಭದ ರಾಗ ಆರಿಸಿಕೊಳ್ಳದೆ ಅಷ್ಟು ಹೊತ್ತು ಮೇಲೆಯೇ ಉಳಿದರು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಇಳಿದರು. ಇಡೀ ಸಭೆ ಒಂದೇ ಉಸಿರು ಬಿಟ್ಟಿತು. ಚಹಾಕ್ಕೆ ಯಾರೂ ಏಳಲಿಲ್ಲ.

ಮುಗಿದ ಮೇಲೆ ಪೈಯವರು, ಮುಂದಿನ ವರ್ಷಕ್ಕೂ ಈಗಲೇ ಮಾತು ಕೊಡಿ ಎಂದು ಸನ್ನೆಯಲ್ಲಿ ಕೇಳಿಕೊಂಡು ನಮ್ಮನ್ನು ಕಾರಿನಲ್ಲಿ ಕೂಡಿಸಿದರು. ಅವರು ಮುಂದೆ, ನಾವು ಹಿಂದೆ.

"ಹೆಂಗಾತೊ ರಘೂ? ನನಗಂತೂ ಏನೂ ಕೇಳಸಲಿಲ್ಲ," ಎಂದರು ಕಾಕು.

"ಛಲೋ ಆತ್ರಿ."

"ಏನಂದಿ?"

"ಭಾಳ ಛಲೋ ಆತ್ರಿ ಅಂದೆ."

"ಗಾಡಿ ಸಪ್ಪಳಾ ನೋಡು. ಜರಾ ದೊಡ್ಡದಾಗಿ ಹೇಳು."

ನಾನು ಯಾರನ್ನೂ ಹೊಗಳಿದವನಲ್ಲ. ಹೊಗಳಿದರೂ ಹಿಂದೆಯೇ ಒಂದು 'ಆದರೆ' ಹಚ್ಚುತ್ತೇನೆ. ಅಂದು ಮುಂಬಯಿಯ ನಡುಬೀದಿಯಲ್ಲಿ, ಪಕ್ಕದ ಬಸ್ಸಿನವರು ಕತ್ತು ಹೊರಗೆ ಹಾಕಿ ನೋಡುತ್ತಿರಲು, ಇಂಥಾ ಹಾಡು ನಾ ಹುಟ್ಟಿ ಕೇಳಿಲ್ಲ, ಮೈ ಜುಮ್ಮಂತು, ಷಡ್ಜಕ್ಕ ಬಂದಾಗ ನನ್ನ ಕಣ್ಣಾಗ ನೀರು ಬಂತು ಎಂದು ಗಂಟಲು ಹರಿಯುವಂತೆ ಕೂಗಿದೆ. 'ಆದರೆ' ಎಲ್ಲೂ ಬರಲಿಲ್ಲ. ಕಾಕು ತಲೆದೂಗುತ್ತ, "ಖರೇನ?" "ಮತ್ತ?" ಎಂದು ಕೇಳುತ್ತಲೇ ಇದ್ದರು.

ನಾನು ದಣಿದು ಸುಮ್ಮನಾದಾಗ ಮುಂದೆ ಕೂತಿದ್ದ ಪೈಯವರು ಕಿಟಕಿಯತ್ತ ಮುಖ ಮಾಡಿ, ತಮ್ಮಷ್ಟಕ್ಕೆ, ತುಟಿಯೊಳಗೇ ಮಾರವಾದ ಒಂದು ಸಾಲನ್ನು ಗುನುಗತೊಡಗಿದರು.

"ಪೈಯವರ, ರಿಷಭ ಏರಲಿಕ್ಕೆ ಹತ್ತೇದರಿ, ಸ್ವಲ್ಪ ಇಳಸ್ರಿ," ಎಂದರು ಹಿಂದಿನಿಂದ ಕಾಕು.

ಪೈಯವರು ತಪ್ಪಾಯಿತೆಂದು ಇಳಿಸಿಕೊಂಡರು. ಎದುರಾಳಿ ತಾನಾಗಿ ಸಿಕ್ಕಿಬಿದ್ದ ಇಂಥ ಜಾಗದಲ್ಲಿ ಏಳದ ವಾದಿ ವಾದಿಯೇ ಅಲ್ಲ. ನಾನು ಏಳಲು ಅಣಿಯಾದೆ. ಅಷ್ಟರಲ್ಲಿ ಕಾಕು ಶಾಲು ಸರಿಮಾಡಿಕೊಂಡು ನನ್ನ ಕಡೆ ಬಾಗಿ, "ಕಣ್ಣಾಗ ನೀರು ಅಂತೇನೋ ಅಂದಿ, ಅದೊಂದು ಸರಿ ತಿಳೀಲಿಲ್ಲ ನೋಡು," ಎಂದರು.

ನಾನು ಗಂಟಲು ಸರಿಪಡಿಸಿಕೊಂಡು ಮತ್ತೆ ಕೂಗಿದೆ.