ಭಾವಿ ಅಳಿಯನ ಮುಖಕ್ಕೆ ಟೇಪು ಹಿಡಿದದ್ದು

ನಾರಾಯಣಗೂಡದ ಟೇಲರ್ ಶಿವಶರಣಪ್ಪನವರು ಮುಂಜಾನೆಯೇ ಶಪಥ ಮಾಡಿದರು!

"ಅಗಲ ಮುಖದ ಆಟಗಾರರಿಗೆ ಸಿಟ್ಟು ಜಾಸ್ತಿ ಅಂತ ಪೇಪರಿನಾಗ ಬಂದೈತಿ. ಇವತ್ತು ಬರೋ ಹುಡುಗನ ಮುಖ ಹುಬ್ಬಿನಿಂದ ತುಟಿಮಟ ಎಷ್ಟು ಉದ್ದ, ಅದರ ಎರಡು ಪಟ್ಟು ಅಗಲ ಇತ್ತೋ, ಈ ಸಂಬಂಧ ಕ್ಯಾನ್ಸಲ್!"

"ನಮ್ಮ ಮಗಳು ಕಾವ್ಯಾ ಮೆಚ್ಚಿದ ಹುಡುಗರೀ ಅಂವ," ಹೆಂಡತಿ ಶರಣಬಸಮ್ಮ ಅಂಗಲಾಚಿದಳು.

"ಮೂವತ್ತು ವರ್ಷದ ಟೇಪು ನಂದು. ಸುಳ್ಳು ಹೇಳಂಗಿಲ್ಲ!"

ಸಂಜೆ ಹುಡುಗ ರವಿಕಿರಣ ತಾಯಿ ಸಾವಿತ್ರಿಬಾಯಿಯ ಜೊತೆ ಬಂದ. ಕಬಡ್ಡಿ ಆಟಗಾರ. ಬಾಗಿಲು ತುಂಬುವ ಮೈ, ಜೋಳದ ರೊಟ್ಟಿಯಂಥ ಮುಖ! ಕೂತವರ ಅಳತೆ ತೆಗೆದು ಶಿವಶರಣಪ್ಪನವರಿಗೆ ರೂಢಿಯಿಲ್ಲ. ಹುಡುಗನನ್ನು ನಿಲ್ಲಿಸಿ, ತಾವು ಸ್ಟೂಲ್ ಹತ್ತಿ, ಕೊರಳಿನ ಟೇಪು ಎಳೆದರು.

"ಇದೇನ್ರೀ?" ಸಾವಿತ್ರಿಬಾಯಿ ಗಾಬರಿಯಾದರು.

"ಮದುವಿ ಪೇಟಕ್ಕ ಅಳತಿ!" ಬಾಯಿಗೆ ಬಂದದ್ದನ್ನು ಅಂದುಬಿಟ್ಟರು.

"ಅಂದ್ರ ಒಪ್ಪಿದಂಗ ಆತಲ್ರೀ!" ಎಂದು ಆಕೆ ಎಲ್ಲರ ಕೈಗೂ ಸಕ್ಕರೆ ಹಾಕಿದರು.

"ಅಪ್ಪಾ, ಪೇಟಕ್ಕ ತುಟಿ ಯಾಕ ಅಳಿಯಾಕತ್ತೀರಿ?" ಕಾವ್ಯಾ ಪಿಸುಗುಟ್ಟಿದಳು.

ಉದ್ದ ಎರಡೂಮುಕ್ಕಾಲು ಇಂಚು. ಅಗಲ ಐದೂವರೆ. ಸರಿಯಾಗಿ ಎರಡು ಪಟ್ಟು! ಅವರು ಬೆಚ್ಚಿದರು, ಸ್ಟೂಲ್ ಜಾರಿತು, ಮೊಣಕೈ ಶರಣಬಸಮ್ಮನ ಕೈಯ ಟ್ರೇಗೆ ಬಡಿಯಿತು. ಸುಡುಸುಡು ಚಹಾ ಪೂರಾ ರವಿಕಿರಣನ ಹೊಸ ಅಂಗಿಯ ಮೇಲೆ! ಅವನು ಅದನ್ನು ಲೆಕ್ಕಿಸದೆ, ಬೀಳುತ್ತಿದ್ದ ಶಿವಶರಣಪ್ಪನವರನ್ನು ಎರಡೂ ತೋಳಲ್ಲಿ ಎತ್ತಿ ಹಿಡಿದ.

"ಮಾವಾರ, ಪೆಟ್ಟಾತೇನ್ರೀ?"

ಮಾವನವರು ಅವನ ತೋಳಲ್ಲೇ ಕಾಲು ಝಾಡಿಸುತ್ತಾ ಸ್ಟೂಲನ್ನು ಬೈದರು, ಅದನ್ನು ಮಾಡಿದ ಬಡಿಗನನ್ನು ಬೈದರು, ಚಹಾ ತಂದ ಹೆಂಡತಿಯನ್ನೂ ಬೈದರು!

ಶರಣಬಸಮ್ಮ ಸುಮ್ಮನೆ ಟೇಪು ತೆಗೆದುಕೊಂಡು ಗಂಡನ ಮುಖಕ್ಕೆ ಹಿಡಿದಳು. "ಉದ್ದ ಮೂರೂವರಿ, ಅಗಲ ಐದು. ಎರಡು ಪಟ್ಟಿನ ಸನೇಕನೂ ಇಲ್ಲ. ಮತ್ತ ಈ ಸಿಟ್ಟು ಎಲ್ಲಿಂದ ಬಂತ್ರೀ?"

ಶಿವಶರಣಪ್ಪನವರು ತಲೆ ತಿರುಗಿಸಿ ನೋಡಿದರು. ಹುಡುಗನ ಎದೆ ಚಹಾಕ್ಕೆ ಕೆಂಪಾಗಿತ್ತು. ಆದರೂ ಮುಖದಲ್ಲಿ ಒಂದು ಗೆರೆ ಸಿಟ್ಟಿಲ್ಲ. ಅವರ ಕಣ್ಣು ತುಂಬಿ ಬಂತು.

"ತಮ್ಮಾ, ನೀ ಇರಲಿಲ್ಲಂದ್ರ ಇವತ್ತು ನನ್ನ ಸೊಂಟ ಮುರೀತಿತ್ತು. ನಿನ್ನ ಉಪಕಾರ ಭಾಳ ದೊಡ್ಡದಪ್ಪಾ."

"ಅದಿರಲಿ ಮಾವಾರ, ಪೇಟದ ಅಳತಿ ಮುಗೀತೇನ್ರೀ?"

"ಮುಗೀತಪ್ಪಾ! ನಾನಽ ಹೊಲಿದು, ನಾನಽ ನಿನ್ನ ತಲಿಗೆ ಇಡ್ತೀನಿ. ಮೊದಲು ನನ್ನ ಕೆಳಗ ಇಳಸು!"