ಎರಡನೇ ಮಗ್ಗುಲು ಭಾವನ ಇಲಾಖೆಯಲ್ಲ

ನಮ್ಮ ಭಾವನವರು ಜೀವಮಾನದಲ್ಲಿ ಒಮ್ಮೆಯೂ ಕುದುರೆ ಹತ್ತಿದವರಲ್ಲ. ಹಸು ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಪೈಕಿ. ಬಂದೂಕಿನ ಮಾತು ಹಾಗಿರಲಿ, ಪ್ರೆಷರ್ ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳುತ್ತಾರೆ. ಆದರೂ ಇಡೀ ಕೌಲಾಲಂಪುರದಲ್ಲಿ ಉಡುಪಿ ಮೂಲದ ಕೌಬಾಯ್ ಅಂತ ಯಾರಾದರೂ ಇದ್ದರೆ ಅದು ಅವರೊಬ್ಬರೇ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ವೃತ್ತಿಯಲ್ಲಿ ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಅನಾಟಮಿ ಮೇಷ್ಟ್ರು. ಪ್ರವೃತ್ತಿಯಲ್ಲಿ ಅಮೆರಿಕದ ಹಳೆಯ ಕಂಟ್ರಿ ಮ್ಯೂಸಿಕ್ಕಿನ ಎಲ್‌ಪಿ ರೆಕಾರ್ಡುಗಳ ಬೇಟೆಗಾರ. ಮಾಂಟ್ ಕಿಯಾರಾ ಬಡಾವಣೆಯ ಕಾಂಡೊ ಎಂಬ ಬಹುಮಹಡಿ ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ ಮೇಲೆ, ನಮ್ಮದು ಸರಿಯಾಗಿ ಅದರ ಕೆಳಗೆ. ಹೀಗಾಗಿ ಟೆಕ್ಸಾಸಿನಲ್ಲಿ ಯಾರ ಹೆಂಡತಿ ಓಡಿಹೋದರೂ ಮೊದಲ ಸುದ್ದಿ ನಮ್ಮ ಅಡುಗೆಮನೆಗೆ ಬರುತ್ತಿತ್ತು.

“ಅಲ್ಲ ಭಾವ, ಆ ಗೋಳಿನಲ್ಲಿ ಅಂಥದ್ದೇನಿದೆ?” ಎಂದು ಒಮ್ಮೆ ಕೇಳಿ ಸಿಕ್ಕಿಬಿದ್ದೆ.

“ಎಂತ ಉಂಟು ಅಂತ ಕೇಳ್ತೀಯಾ ಮಾರಾಯ್ತಿ! ಒಂದೊಂದು ಹಾಡೂ ಪೂರ್ತಿ ಕೇಸ್ ಹಿಸ್ಟರಿ. ಪೇಶೆಂಟ್ ಯಾರು? ಲಾರಿ ಡ್ರೈವರ್. ಕಂಪ್ಲೇಂಟ್ ಎಂತ? ಹೆಂಡ್ತಿ ಬಿಟ್ಟು ಹೋದ್ಲು. ಬೇರೆ ಲಕ್ಷಣ? ನಾಯಿ ಸತ್ತಿದೆ, ಅಮ್ಮನ ನೆನಪಾಗ್ತದೆ, ನಿದ್ದೆ ಇಲ್ಲ. ಮೂರು ನಿಮಿಷದಲ್ಲಿ ಎಲ್ಲ ಬಂತು! ನಮ್ಮ ಹುಡುಗರಿಗೆ ಮೂರು ಗಂಟೆ ಕೊಟ್ರೂ ಇಷ್ಟು ನೀಟಾಗಿ ಬರೀಲಿಕ್ಕೆ ಬರುದಿಲ್ಲ.”

ಅಷ್ಟೂ ಗೋಳನ್ನು ಅವರು ಕೇಳುತ್ತಿದ್ದದ್ದು ಎಕ್ಸ್‌ರೇ ನೋಡುವ ಮುಖದಲ್ಲಿ. ಹಾಡುಗಾರ ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ಇವರ ಕಣ್ಣಿನಲ್ಲಿ ಒಂದು ಹನಿ ಕಂಡರೆ ಕೇಳಿ!

ಇನ್ನು ರೆಕಾರ್ಡ್ ಕೊಳ್ಳುವುದಿದೆಯಲ್ಲ, ಅದೊಂದು ದೊಡ್ಡ ಶಾಸ್ತ್ರ. ಮಾವಿನಹಣ್ಣು ಆರಿಸುವವರಂತೆ ತಿರುಗಿಸಿ, ತಟ್ಟಿ, ಮೂಸಿ ನೋಡುತ್ತಾರೆ. ಕವರಿನ ಮೇಲೆ ಹಾಡುಗಾರ ನಗುತ್ತಿದ್ದರೆ ಕೆಳಗಿಡು. “ಹೆಂಡ್ತಿ ಹೋದವ ಹಲ್ಲು ಬಿಡ್ತಾನಾ?” ಪಿಟೀಲು ಹೆಚ್ಚಾಗಿದ್ದರೆ “ಡಾಲ್ಡಾ ಜಾಸ್ತಿಯಾಯ್ತು.” ಮೊದಮೊದಲಿನ ಆಲ್ಬಮ್ ಆದರೆ ಕಣ್ಣುಮುಚ್ಚಿ ತಗೊಳ್ಳಬಹುದಂತೆ. “ಹಸಿವಿರುವಾಗ ಹಾಡಿದ್ದನ್ನು ಕೊಳ್ಬೇಕು. ಮನೆಯಲ್ಲಿ ಸ್ವಿಮ್ಮಿಂಗ್ ಪೂಲ್ ಕಟ್ಟಿಸಿದ ಮೇಲೆ ಹಾಡಿದ್ದು ನಮಗೆ ಯಾಕೆ?”

ಹೆಸರಾದ ಹಾಡುಗಳನ್ನಷ್ಟೇ ಹೆಕ್ಕಿ ಜೋಡಿಸಿದ ಗ್ರೇಟೆಸ್ಟ್ ಹಿಟ್ಸ್ ಸಂಗ್ರಹವನ್ನಂತೂ ಅವರ ಎದುರು ಎತ್ತುವಂತೆಯೇ ಇರಲಿಲ್ಲ. ನನ್ನ ಗಂಡ ಒಮ್ಮೆ ಅವರ ಹುಟ್ಟುಹಬ್ಬಕ್ಕೆ ಪಾಪ, ಪ್ರೀತಿಯಿಂದ ಅಂಥದೊಂದು ತಂದುಕೊಟ್ಟರು. ಭಾವ ಅದನ್ನು ಎರಡು ಬೆರಳಿನಲ್ಲಿ ಹಿಡಿದು, “ಇದು ಮದುವೆ ಊಟದಲ್ಲಿ ಬರೀ ಹೋಳಿಗೆ ಬಡಿಸಿದ ಹಾಗೆ ಮಾರಾಯ್ರೆ. ಉಪ್ಪಿನಕಾಯಿ ಎಲ್ಲಿ? ಕೋಸಂಬರಿ ಎಲ್ಲಿ? ನಂಗೆ ಯಾವುದು ಇಷ್ಟ ಅಂತ ಬೇರೆಯವ ಯಾಕೆ ಹೇಳ್ಬೇಕು?” ಎಂದು ವಾಪಸ್ ಕೊಟ್ಟರು. ಅದು ಈಗ ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಡುವ ಮಣೆಯಾಗಿದೆ.

ಇಂಥ ಭಾವನನ್ನು ಒಬ್ಬರನ್ನೇ ಬಿಟ್ಟು ಅಕ್ಕ ಉಡುಪಿಗೆ ಹೋದಳು. ಅಮ್ಮನ ಕಣ್ಣಿನ ಪೊರೆಯ ಆಪರೇಷನ್, ಎರಡು ವಾರದ ಮಾತು. ಹೊರಟ ಬೆಳಿಗ್ಗೆಯೂ ಮನೆಯಲ್ಲಿ ಲಾರಿ ಡ್ರೈವರುಗಳ ಹಾಡಿನ ರೆಕಾರ್ಡೊಂದು ಓಡುತ್ತಿತ್ತು. ಮೊದಲನೇ ಮಗ್ಗುಲು ಮುಗಿಯುವ ಹೊತ್ತಿಗೆ ಟ್ಯಾಕ್ಸಿ ಬಂತು. “ಉಳಿದದ್ದು ಬಂದು ಕೇಳ್ತೇನೆ” ಎಂದು ಚಪ್ಪಲಿ ಮೆಟ್ಟಿದಳು. ಅವಳು ಅಲ್ಲಿ ಇಳಿದಳೋ ಇಲ್ಲವೋ, ಕೊರೊನಾ ಬಂತು, ವಿಮಾನಗಳು ನಿಂತವು, ಗಡಿ ಮುಚ್ಚಿತು. ಅಕ್ಕ ಅಲ್ಲಿ, ಭಾವ ಇಲ್ಲಿ! ಅವಳು ಯಾವಾಗ ಬರುತ್ತಾಳೆ ಎಂದು ಹೇಳುವವರು ಎರಡೂ ದೇಶಗಳಲ್ಲಿ ಒಬ್ಬರೂ ಇರಲಿಲ್ಲ.

ಒಂಟಿಯಾದ ಭಾವನ ಮನೆಯಲ್ಲಿ ಹಾಡು ಇಮ್ಮಡಿಯಾಯಿತು. ಕಾಲೇಜು ಜೂಮ್‌ಗೆ ಇಳಿದಿತ್ತಲ್ಲ, ಪಾಠದ ಹಿಂದೆಯೂ ಗಿಟಾರು. ಒಂದು ದಿನ ನಾನು ಊಟ ಕೊಡಲು ಹೋದಾಗ ಹೃದಯದ ನಾಲ್ಕು ಕೋಣೆಗಳ ಬಗ್ಗೆ ಗಂಭೀರವಾಗಿ ಪಾಠ ನಡೆಯುತ್ತಿತ್ತು. ಹಿಂದುಗಡೆ ಒಬ್ಬ ತನ್ನ ಹೃದಯ ಚೂರುಚೂರಾಯಿತೆಂದು ಬೊಬ್ಬೆ ಹೊಡೆಯುತ್ತಿದ್ದ. ಹುಬ್ಬಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ಮೈಕ್ ಬಿಚ್ಚಿ, “ಸರ, ಆ ಹಿಂದಿನವ್ರದು ಯಾವ ಕೋಣೆ ಒಡದದರೀ? ಎಕ್ಸಾಮಿಗೆ ಬರ್ತದೇನ್ರಿ?” ಎಂದ. ಭಾವ ಒಂದು ಕ್ಷಣ ಕಿವಿಗೊಟ್ಟು, “ಎಡ ಕೆಳಗಿನದ್ದು” ಎಂದು ಪಾಠ ಮುಂದುವರಿಸಿದರು.

ಆಗಲೇ ನನ್ನ ಮಗಳು ಒಂದು ಸಂಗತಿ ಪತ್ತೆ ಹಚ್ಚಿದಳು. “ಅಮ್ಮ, ದೊಡ್ಡಪ್ಪ ಓನ್ಲಿ ಪ್ಲೇಸ್ ಒನ್ ಸೈಡ್. ವೈ ಲಾ?” ಎಂದಳು, ಇಲ್ಲಿಯವರ ಹಾಗೆ ಮಾತಿನ ಬಾಲಕ್ಕೊಂದು ‘ಲಾ’ ಅಂಟಿಸಿ. ಹೌದಲ್ಲ! ಮೊದಲನೇ ಮಗ್ಗುಲು ಮುಗಿಯುತ್ತಿತ್ತು, ರೆಕಾರ್ಡ್ ಕವರಿಗೆ ಹೋಗುತ್ತಿತ್ತು, ಇನ್ನೊಂದು ರೆಕಾರ್ಡಿನ ಮೊದಲನೇ ಮಗ್ಗುಲು ಶುರುವಾಗುತ್ತಿತ್ತು. ಸೂಜಿ ಸವೆಯುತ್ತದೆಂಬ ಜಿಪುಣತನವೇ? ವಯಸ್ಸಾಯಿತೇ? ಕೇಳಿದ್ದಕ್ಕೆ ಸಿಕ್ಕ ಉತ್ತರ ಅಪ್ಪಟ ಡಾಕ್ಟರದ್ದು. “ಎರಡನೇ ಸೈಡ್ ನನ್ನ ಡಿಪಾರ್ಟ್‌ಮೆಂಟ್ ಅಲ್ಲ.”

ಅಷ್ಟರಲ್ಲಿ ತಪಾವ್ ಪ್ರಕರಣವಾಯಿತು. ತಪಾವ್ ಎಂದರೆ ಇಲ್ಲಿ ಊಟದ ಪಾರ್ಸೆಲ್. ಬ್ರಿಕ್‌ಫೀಲ್ಡ್ಸ್ ಪೇಟೆಯಲ್ಲಿ ಭಾವನಿಗೆ ಹಳೆಯ ರೆಕಾರ್ಡ್ ಮಾರುವ ಚೀನೀ ಅಂಕಲ್ ಒಬ್ಬರಿದ್ದರು. ಲಾಕ್‌ಡೌನಿನಲ್ಲಿ ಅವರ ಅಂಗಡಿ ಬಂದ್, ಕೆಳಗಿನ ಮಾಮಕ್, ಅಂದರೆ ತಮಿಳು ಮುಸ್ಲಿಮನ, ಹೋಟೆಲಿನ ಪಾರ್ಸೆಲ್ ಮಾತ್ರ ಚಾಲ್ತಿ. ಭಾವ ವಾರಕ್ಕೊಮ್ಮೆ ಅಂಕಲ್‌ಗೆ ಫೋನ್ ಹಚ್ಚಿ, “ಮೊದಲನೇ ಸೈಡಿನಲ್ಲಿ ಯಾವ ಯಾವ ಹಾಡುಂಟು? ಓದಿ ಓದಿ” ಎಂದು ಪೀಡಿಸುತ್ತಿದ್ದರು. ಸರಿ ಎನಿಸಿದರೆ ಅಂಕಲ್ ಅದನ್ನು ಮಾಮಕ್‌ಗೆ ಇಳಿಸುತ್ತಿದ್ದರು, ಮಾಮಕ್ ರೊಟ್ಟಿಯ ಚೀಲದಲ್ಲಿ ಹಾಕಿ ಕೊಡುತ್ತಿದ್ದ. ಒಂದು ದಿನ ದಾರಿಯಲ್ಲಿ ಪೊಲೀಸ್ ತಡೆದು ಚೀಲ ಬಿಚ್ಚಿಸಿದ. ಒಳಗೆ ರೊಟ್ಟಿ, ಕರಿ, ಟೊಪ್ಪಿ ಹಾಕಿದ ಒಬ್ಬ ಕೌಬಾಯ್.

“ಇದೂ ಮಕಾನ್?” ಅಂದರೆ, ಇದೂ ಊಟವೇ?

“ಊಟ ಆದ ಮೇಲಿನದ್ದು” ಎಂದರಂತೆ ಭಾವ. ಪೊಲೀಸ್ ತಲೆ ಚಚ್ಚಿಕೊಂಡು, “ನಮ್ಮಪ್ಪನಿಗೂ ಇದೇ ಕಾಯಿಲೆ ಲಾ, ಗೋ ಗೋ!” ಎಂದು ಬಿಟ್ಟನಂತೆ. ಮನೆಗೆ ಬಂದು ನೋಡಿದರೆ ಬೇರೆ ಯಾರದೋ ಮೀನಿನ ಕರಿ ಇವರ ಚೀಲಕ್ಕೆ ಬಂದು ಕೌಬಾಯಿಯ ಟೊಪ್ಪಿಯವರೆಗೆ ಸೋರಿತ್ತು! ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಭಾವ ಕವರನ್ನು ಬಾಲ್ಕನಿಯಲ್ಲಿ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, “ಹಾಡು ವೆಜ್, ಕವರ್ ನಾನ್‌ವೆಜ್” ಎಂದು ಘೋಷಿಸಿದರು. ನಾನು ಒದ್ದೆ ಬಟ್ಟೆಯಿಂದ ಕರಿ ಒರೆಸುತ್ತ ಅಕ್ಷರ ಓದಿದೆ. ಅದು ಗ್ರೇಟೆಸ್ಟ್ ಹಿಟ್ಸ್! ಕಪಾಟು ತೆಗೆದರೆ ಅಲ್ಲೂ ಗ್ರೇಟೆಸ್ಟ್ ಹಿಟ್ಸ್, ಗೋಲ್ಡನ್ ಹಿಟ್ಸ್, ಬೆಸ್ಟ್ ಆಫ್, ವೆರಿ ಬೆಸ್ಟ್ ಆಫ್!

ಕೆಳಗೆ ನಮ್ಮ ಮನೆಗೆ ಓಡಿ ಅಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಕಿರುಚಿದಳು.

“ಎಂತದು? ನಿನ್ನ ಭಾವ ಗ್ರೇಟೆಸ್ಟ್ ಹಿಟ್ಸ್ ಕೊಂಡ್ರಾ? ಅಯ್ಯೋ ದೇವರೇ! ರುಚಿ ಹೋಗುದು ಈ ಕೊರೊನಾದ್ದೇ ಲಕ್ಷಣ ಮಾರಾಯ್ತಿ! ಮೊದಲು ಜ್ವರ ನೋಡು!”

ನಾನು ಎರಡು ಮಾಸ್ಕ್ ಹಾಕಿ, ಥರ್ಮಾಮೀಟರ್ ಹಿಡಿದು ಮೇಲೆ ಹೋದೆ. ಜ್ವರ ಇಲ್ಲ. ಬೆರಳಿಗೆ ಕ್ಲಿಪ್ ಹಾಕಿದೆ. ಆಕ್ಸಿಜನ್ ನನಗಿಂತ ಜಾಸ್ತಿ. ಕಾಫಿಪುಡಿ ಮೂಸಿಸಿದೆ. “ಚಿಕೋರಿ ಹೆಚ್ಚಾಯ್ತು” ಎಂದರು. ಹಾಗಾದರೆ ಕಾಯಿಲೆ ಏನು? ಅಷ್ಟರಲ್ಲಿ ರೆಕಾರ್ಡ್ ಮುಗಿದು ಕರಕರ ಅನ್ನತೊಡಗಿತು. ನಾನು ತಿರುಗಿಸಿ ಹಾಕೋಣವೆಂದು ಕೈ ಚಾಚಿದೆ.

“ಮುಟ್ಬೇಡ!” ಎಂದು ಚೀರಿದರು. ಆಮೇಲೆ ನಾಚಿಕೊಂಡು ಮೆಲ್ಲಗೆ ಬಾಯಿಬಿಟ್ಟರು. “ಮದುವೆಯಾದ ಹೊಸತರಲ್ಲಿ ನಿನ್ನಕ್ಕ ಹೇಳಿದ್ಲು, ಮೊದಲನೇ ಸೈಡ್ ನಿಮ್ಮದು, ಎರಡನೆಯದು ನಂದು, ಜಗಳ ಬೇಡ ಅಂತ. ಅವತ್ತಿನಿಂದ ನಾನು ಹಾಕುದು, ಅವಳು ಎದ್ದು ತಿರುಗಿಸುದು. ಅವಳಿಲ್ಲದೆ ಹೇಗೆ ತಿರುಗಿಸ್ಲಿ?”

“ಸರಿ. ಗ್ರೇಟೆಸ್ಟ್ ಹಿಟ್ಸ್ ಯಾಕೆ?”

“ಅವಳಿಗೆ ಇಷ್ಟದ ಹಾಡೆಲ್ಲ ಎರಡನೇ ಸೈಡಿನಲ್ಲೇ ಉಂಟಲ್ಲ ಮಾರಾಯ್ತಿ. ಕೇಳ್ಬೇಕು ಅನ್ನಿಸ್ತದೆ. ಈ ಗ್ರೇಟೆಸ್ಟ್ ಹಿಟ್ಸ್‌ನವ್ರು ಕೆಲವನ್ನು ಎತ್ತಿ ಮೊದಲನೇ ಸೈಡಿಗೆ ಹಾಕಿರ್ತಾರೆ.”

ಹೆಂಡತಿಯ ಹಾಡು ಕೇಳಬೇಕು, ಹೆಂಡತಿಯ ಕೆಲಸ ಮಾತ್ರ ಮಾಡಬಾರದು! ಇಂಥ ಕಾನೂನುಪಾಲಕರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ನಕ್ಕೆ. ಕೆಳಗೆ ಬಂದು ಗಂಡನಿಗೆ ಹೇಳಿ ಮತ್ತೆ ನಕ್ಕೆ.

ಮರುವರ್ಷ ಅಲ್ಲಿ ಎರಡನೇ ಅಲೆ ಎದ್ದಿತು. ಅಕ್ಕ ಆಸ್ಪತ್ರೆ ಸೇರಿದಳು, ಆಕ್ಸಿಜನ್ ಹಾಕಿದರು, ಫೋನಿನಲ್ಲಿ ಮಾತಾಡುವುದೂ ನಿಂತಿತು. ಮೇಲಿನ ಮನೆಯಲ್ಲಿ ಹಾಡೂ ನಿಂತಿತು. “ಶ್ವಾಸಕೋಶ ಎಲ್ಲುಂಟು ಅಂತ ಸಾವಿರ ಮಕ್ಕಳಿಗೆ ಕಲಿಸಿದೆ. ಅವಳಿಗೆ ಒಂದು ಉಸಿರು ಕೊಡ್ಲಿಕ್ಕೆ ಆಗುದಿಲ್ಲ ನೋಡು” ಎಂದು ಭಾವ ಊಟದ ತಟ್ಟೆಯ ಮುಂದೆ ಕೂತಿರುತ್ತಿದ್ದರು. ಸದ್ದಾಗುತ್ತದೆಂದು ಸದಾ ಗೋಡೆ ಬಡಿಯುತ್ತಿದ್ದ ಅವರ ಪಕ್ಕದ ಮನೆಯ ಆಂಟಿ ಕೂಡ ಒಂದು ದಿನ ಬೆಲ್ ಒತ್ತಿ, “ಡಾಕ್ಟರ್, ಮ್ಯೂಸಿಕ್ ಯಾಕಿಲ್ಲ ಲಾ? ನನಗೆ ಹೆದರಿಕೆ ಆಗ್ತಿದೆ” ಎಂದು ಕೇಳಿದರು. ನಮಗೆಲ್ಲ ಅದೇ ಹೆದರಿಕೆಯಿತ್ತು.

ಅಕ್ಕ ಗಟ್ಟಿ ಜೀವ. ಮಾತು ಬಂದ ದಿನವೇ ಕೆಮ್ಮುತ್ತ ಫೋನ್ ಮಾಡಿ, “ಅಲ್ಲಿ ಯಾಕೆ ಸದ್ದಿಲ್ಲ? ಯಾರಾದ್ರೂ ಹೋಗಿದ್ದಾರಾ? ಹಾಕ್ರೀ ಹಾಡು!” ಎಂದು ಗದರಿದಳು. ಕೆಳಗಿನ ನಮ್ಮ ಮನೆಗೂ ಕೇಳುವಷ್ಟು ಜೋರಾಗಿ ಭಾವ ಹಾಡು ಹಾಕಿದರು. ಮೊದಲನೇ ಮಗ್ಗುಲು ಮಾತ್ರ.

ಕೊನೆಗೂ ದಾರಿ ತೆರೆಯಿತು. ಕ್ವಾರಂಟೈನ್ ಮುಗಿಸಿ ಅಕ್ಕ ಮನೆಗೆ ಬಂದಾಗ ಅರ್ಧ ಆಳಾಗಿದ್ದಳು, ಬಾಯಿ ಮಾತ್ರ ಪೂರ್ತಿ ಇತ್ತು. ಕಪಾಟು ನೋಡಿ, “ಇದೆಂತ ಅವತಾರ? ಮನೆ ತುಂಬಾ ಹೋಳಿಗೆ!” ಎಂದು ಶುರು ಹಚ್ಚಿಕೊಂಡಳು. ಭಾವ ಅವಳು ಹೊರಟ ಬೆಳಿಗ್ಗೆಯ ಆ ಲಾರಿ ಡ್ರೈವರುಗಳ ರೆಕಾರ್ಡನ್ನು ತೆಗೆದು ಮೊದಲನೇ ಮಗ್ಗುಲು ಹಾಕಿದರು. ನಾವೆಲ್ಲ ಕೂತು ಕೇಳಿದೆವು. ಅದು ಮುಗಿದು ಕರಕರ ಶುರುವಾಯಿತು.

ಅಕ್ಕ ಮೊಣಕಾಲ ಮೇಲೆ ಕೈಯೂರಿ ಎದ್ದಳು. ನಾಲ್ಕು ಹೆಜ್ಜೆಗೇ ಏದುಸಿರು ಬಂತು. ಭಾವ ಎದ್ದು ಹೋಗಲು ನೋಡಿದರು, ನಾನು ಅವರ ತೋಳು ಹಿಡಿದು ಕೂರಿಸಿದೆ. ಅವಳು ಸ್ವಲ್ಪ ನಿಂತು ಸುಧಾರಿಸಿಕೊಂಡು, ರೆಕಾರ್ಡನ್ನು ಎತ್ತಿ, ತಿರುಗಿಸಿ, ಸೂಜಿ ಇಟ್ಟಳು.

ಬಂದ ಹಾಡು ತೀರ ತಮಾಷೆಯದು. ಹೆಂಡತಿ ಓಡಿಹೋಗಿಲ್ಲ, ನಾಯಿ ಸತ್ತಿಲ್ಲ, ಒಬ್ಬನ ಲಾರಿ ಪಂಕ್ಚರ್ ಆಗಿದೆ, ಅಷ್ಟೇ. ಪಂಕ್ಚರ್ ಆದ ಹಾಡಿಗೆ ಯಾರಾದರೂ ಅಳುತ್ತಾರೆಯೇ? ನಮ್ಮ ಭಾವ ಕವರನ್ನು ಎದೆಗವಚಿಕೊಂಡು ಮಗುವಿನ ಹಾಗೆ ಗೊಳೋ ಎಂದು ಅತ್ತರು.

ಅಕ್ಕ ಪಕ್ಕದಲ್ಲಿ ಬಂದು ಕೂತಳು, ಸೆರಗಿನಿಂದ ಅವರ ಮುಖ ಒರೆಸಿದಳು.

“ಸಾಕು ಮಾರಾಯ್ರೆ, ಕವರ್ ಒದ್ದೆಯಾಗ್ತದೆ” ಎಂದಳು.